ಗೇಟಿಗೆ ಹಾಕುವ ಬೋಲ್ಟು

ಕಳೆದ ಸಂಚಿಕೆಯಲ್ಲಿ ಗೆಳೆಯರೊಬ್ಬರು ಕೈಕೆಲಸದ ಬಗ್ಗೆ ಖಾರವಾಗಿ ಬರೆದಿದ್ದರು. ಓದಿದ ಹುಡುಗರು ಬಲ್ಬ್ ಬದಲಾಯಿಸಲಿಕ್ಕೂ ಇನ್ನೊಬ್ಬರನ್ನು ಕರೆಯುತ್ತಾರೆ, ಎಲ್ಲವನ್ನೂ ಮನೆಯಲ್ಲೇ ಮಾಡಿಕೊಳ್ಳಬೇಕು, ಮೆಕ್ಯಾನಿಕ್ಕುಗಳೆಲ್ಲ ಸುಲಿಗೆಕೋರರು ಎಂಬುದು ಅವರ ವಾದದ ತಿರುಳು. ಓದಿ ನಮ್ಮ ಸಂಘದಲ್ಲಿ ಹಲವರು ತಲೆದೂಗಿದರು. ಎರಡು ವರ್ಷದ ಹಿಂದಾಗಿದ್ದರೆ ನಾನೂ ತಲೆದೂಗುತ್ತಿದ್ದೆ. ಈಗ ಅರ್ಧ ಮಾತ್ರ ಒಪ್ಪುತ್ತೇನೆ. ಉಳಿದ ಅರ್ಧವನ್ನು ಯಾಕೆ ಒಪ್ಪುವುದಿಲ್ಲ ಅಂತ ಹೇಳಬೇಕಾದರೆ ನನ್ನ ಮಾವನ ಕಾರಿನ ಕತೆ ಹೇಳಬೇಕು. ಅದರಲ್ಲಿ ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ. ಹೋಗಲಿ ಬಿಡಿ.

ಮಾವ ಕುಂದಾಪುರದ ಕಡೆಯವರು, ಬ್ಯಾಂಕಿನ ಕೆಲಸದಲ್ಲಿ ಇಲ್ಲಿಗೆ ಬಂದು ಮೈಲಾಪುರದಲ್ಲೇ ಉಳಿದವರು. ಪ್ರಾಯದಲ್ಲಿ ಶೋಲವರಂನ ಹಳೇ ವಿಮಾನದ ಪಟ್ಟಿಯ ಮೇಲೆ ನಡೆಯುತ್ತಿದ್ದ ರೇಸುಗಳನ್ನು ನೋಡಿ ಹುಚ್ಚು ಹತ್ತಿಸಿಕೊಂಡರು. ಆ ಹುಚ್ಚಿನ ಫಲ ಒಂದು ಟ್ರಯಂಫ್ ಸ್ಪಿಟ್‌ಫೈರ್, ಮಾರ್ಕ್ 3. ಎರಡೇ ಸೀಟಿನ, ಮೇಲೆ ಬಟ್ಟೆ ಹೊದಿಕೆಯ, 1296 ಸಿ.ಸಿ. ಇಂಜಿನ್ನಿನ ಇಂಗ್ಲಿಷ್ ಕಾರು. ಈ ಮಾದರಿ 1967ರಿಂದ 1970ರವರೆಗೆ ತಯಾರಾದದ್ದು. ಮೇಲಿನ ಆಕಾರ ಇಟಲಿಯ ಮಿಚೆಲೊಟ್ಟಿಯದು. ಕೆಳಗಿನ ಎಲುಬು ಮಾತ್ರ ಟ್ರಯಂಫ್ ಹೆರಾಲ್ಡ್‌ನಿಂದ ಬಂದದ್ದು. ಹೆರಾಲ್ಡ್ ಅಂದರೆ ಮದರಾಸಿನ ಹಳಬರಿಗೆ ಹೇಳಿಕೊಡಬೇಕಾಗಿಲ್ಲ. 1961ರಿಂದ ಇಲ್ಲಿಯೇ 'ಸ್ಟ್ಯಾಂಡರ್ಡ್ ಹೆರಾಲ್ಡ್' ಎಂಬ ಹೆಸರಿನಲ್ಲಿ ತಯಾರಾಗುತ್ತಿತ್ತು. ಆದ್ದರಿಂದ ಲಂಡನ್ನಿನಿಂದ ಇಷ್ಟು ದೂರದಲ್ಲಿದ್ದರೂ ಈ ಕಾರಿನ ಹೊಟ್ಟೆಯೊಳಗಿನ ವಿಷಯ ಬಲ್ಲವರು ಈ ಊರಿನಲ್ಲಿ ಇನ್ನೂ ಸಿಗುತ್ತಾರೆ.

ಹಿಂದಿನ ಚಕ್ರದ ವಿಚಾರ ಸ್ವಲ್ಪ ಹೇಳುತ್ತೇನೆ. ಚಿತ್ರ ಬರೆದರೆ ಸ್ಟೆನ್ಸಿಲ್ ಹರಿಯುತ್ತದೆ ಅಂತ ಸಂಪಾದಕರು ಹೆದರಿಸಿದ್ದರಿಂದ ಮಾತಿನಲ್ಲೇ ನೋಡಿಕೊಳ್ಳಿ. ಕಾರಿನ ಹಿಂಬದಿಯಲ್ಲಿ ನಡುವೆ ಡಿಫರೆನ್ಷಿಯಲ್ ಗುಂಡು. ಅದರಿಂದ ಎಡಕ್ಕೊಂದು ಬಲಕ್ಕೊಂದು ದಂಡ, ದಂಡದ ತುದಿಯಲ್ಲಿ ಚಕ್ರ. ಗುಂಡಿನ ತಲೆಯ ಮೇಲೆ ಅಡ್ಡಲಾಗಿ ಒಂದು ಪಟ್ಟಿ ಸ್ಪ್ರಿಂಗು. ಅದರ ಎರಡು ಕೊನೆಗಳು ಎರಡು ಚಕ್ರಗಳನ್ನು ಮೇಲಿಂದ ಹಿಡಿದಿರುತ್ತವೆ. ಇಷ್ಟೇ ಇದ್ದರೆ ಚಕ್ರ ಮೇಲೆ ಕೆಳಗೆ ಆಡುವುದರ ಜೊತೆಗೆ ಹಿಂದೆ ಮುಂದೆಯೂ ಆಡೀತು. ಅದು ಆಡಬಾರದು ಅಂತ ಪ್ರತಿ ಚಕ್ರದಿಂದ ಮುಂದಕ್ಕೆ, ಸೀಟಿನ ಹಿಂಭಾಗದ ತಗಡಿಗೆ ಬಿಗಿದ ಬ್ರಾಕೆಟ್ಟಿನವರೆಗೆ, ಮೊಳದುದ್ದದ ಒಂದು ಉಕ್ಕಿನ ತೋಳು ಇರುತ್ತದೆ. ರೇಡಿಯಸ್ ಆರ್ಮ್ ಅಂತ ಅದರ ಹೆಸರು. ತೋಳಿನ ಎರಡು ಕೊನೆಯಲ್ಲೂ ರಬ್ಬರ್ ಬುಶ್ಶು, ಬುಶ್ಶಿನ ಹೊಟ್ಟೆಯಲ್ಲಿ ಉಕ್ಕಿನ ಕೊಳವೆ, ಕೊಳವೆಯೊಳಗೆ ಒಂದು ಬೋಲ್ಟು. ಈ ಬೋಲ್ಟು ಹೋಯಿತೆಂದರೆ ಚಕ್ರಕ್ಕೆ ಲಗಾಮು ಹೋದ ಹಾಗೆ.

2023ರ ಡಿಸೆಂಬರ್‌ನಲ್ಲಿ ಒಂದು ಭಾನುವಾರ ಬೆಳಿಗ್ಗೆ ಅದು ಹೋಯಿತು. ಮುಟ್ಟುಕಾಡಿನಿಂದ ವಾಪಸು ಬರುತ್ತಿದ್ದೆವು. ನಾನು ಓಡಿಸುತ್ತಿದ್ದೆ, ಪಕ್ಕದಲ್ಲಿ ಹತ್ತನೇ ಕ್ಲಾಸಿನ ನನ್ನ ತಂಗಿ. ವೇಗ ಅರವತ್ತರ ಆಸುಪಾಸು, ಹೆಚ್ಚೇನಲ್ಲ. ಹಿಂದೆ ಠಕ್ ಅಂತ ಸದ್ದು ಬಂತು, ಗುಂಡಿಗೆ ಬಿದ್ದಿರಬೇಕು ಅಂದುಕೊಂಡೆ. ಆಮೇಲೆ ಆಕ್ಸಿಲರೇಟರ್ ಒತ್ತಿದರೆ ಗಾಡಿಯ ಹಿಂಬದಿ ಒಂದು ಕಡೆ ತಿರುಗುತ್ತದೆ, ಕಾಲು ತೆಗೆದರೆ ಇನ್ನೊಂದು ಕಡೆ. ಸ್ಟೀರಿಂಗ್ ನನ್ನ ಕೈಯಲ್ಲಿದೆ, ಆದರೆ ಗಾಡಿಯನ್ನು ಇನ್ಯಾರೋ ಹಿಂದಿನಿಂದ ಓಡಿಸುತ್ತಿದ್ದಾರೆ ಅನ್ನಿಸುವ ಹಾಗೆ. ಮುಂದೆ ಹತ್ತು ಮಾರು ದೂರದಲ್ಲಿ ಒಂದು ಸ್ಕೂಟರು. ಗಂಡ, ಹೆಂಡತಿ, ನಡುವೆ ಒಂದು ಮಗು, ಮಗುವಿನ ಕೈಯಲ್ಲಿ ಹಳದಿ ಬಲೂನು. ಬ್ರೇಕು ಒತ್ತಿದರೆ ಯಾವ ಕಡೆ ಹೋಗುತ್ತದೋ ಗೊತ್ತಿಲ್ಲದೆ ಒತ್ತಲಿಕ್ಕೂ ಹೆದರಿಕೆ. ಗೇರು ಇಳಿಸಿ ಇಳಿಸಿ ಹೇಗೋ ಎಡಗಡೆಯ ಮರಳಿಗೆ ಇಳಿಸಿ ನಿಲ್ಲಿಸಿದೆ. ಸ್ಕೂಟರಿನವರಿಗೆ ಏನೂ ತಿಳಿಯಲಿಲ್ಲ, ತಮ್ಮ ಪಾಡಿಗೆ ಹೋದರು. "ಯಾಕೆ ನಿಲ್ಲಿಸಿದಿ ಅಣ್ಣ?" ಅಂತ ತಂಗಿ ಕೇಳಿದಳು. ನನ್ನ ಬಾಯಿ ಒಣಗಿತ್ತು.

ಕೆಳಗೆ ಬಗ್ಗಿ ನೋಡಿದರೆ ಎಡಗಡೆಯ ತೋಳಿನ ಮುಂದಿನ ಕೊನೆ ಬ್ರಾಕೆಟ್ಟಿನಿಂದ ಕಳಚಿ ಜೋತಾಡುತ್ತಿದೆ. ಬೋಲ್ಟಿನ ಅರ್ಧ ನಟ್ಟಿನ ಸಮೇತ ರಸ್ತೆಯಲ್ಲೆಲ್ಲೋ ಬಿದ್ದು ಹೋಗಿದೆ. ಇನ್ನರ್ಧ ಬುಶ್ಶಿನ ಕೊಳವೆಯಲ್ಲಿತ್ತು. ಬೆರಳಿನಲ್ಲಿ ಹಿಡಿದು ಎಳೆದೆ, ಸಲೀಸಾಗಿ ಬಂತು.

ಮಾವನಿಗೆ ಫೋನು ಮಾಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಮಗು ಹೇಗಿದೆ?" ಎರಡನೇ ಪ್ರಶ್ನೆ, "ಆ ಬೋಲ್ಟು ಯಾರು ಹಾಕಿದ್ದು ಮಾರಾಯ?"

ಹಾಕಿದ್ದು ನಾನೇ.

ಅದು 2022ರ ಮಾತು, ನಾನು ಬಿ.ಎಸ್ಸಿ. ಮೊದಲನೇ ವರ್ಷದಲ್ಲಿದ್ದಾಗ. ಹಿಂದೆ ಏನೋ ಕಟಕಟ ಸದ್ದು ಬರುತ್ತದೆ ಅಂತ ಮಾವ ಹೇಳಿದರು, ನಾನೇ ನೋಡುತ್ತೇನೆ ಅಂತ ಕಾರಿನ ಕೆಳಗೆ ನುಗ್ಗಿದೆ. ಹಳೇ ಬೋಲ್ಟನ್ನು ಸುತ್ತಿಗೆಯಲ್ಲಿ ಹೊಡೆದು ತೆಗೆಯುವಾಗ ಅದರ ತಿರುಪು ಹಾಳಾಯಿತು. ಮನೆ ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಹೆಚ್ಚು ಕಡಿಮೆ ಅದೇ ಉದ್ದದ್ದು ಒಂದು ತಂದೆ. ಫಳಫಳ ಹೊಳೆಯುವಂಥಾದ್ದು. ಹಾಕಿ, ಕೈಗೆ ಬಿಗಿ ಅನ್ನಿಸುವಷ್ಟು ಬಿಗಿದು, "ಸದ್ಯಕ್ಕೆ ಇರಲಿ, ಆಮೇಲೆ ಸರಿಯಾದ್ದು ಹಾಕೋಣ" ಅಂದೆ. ಸದ್ದು ನಿಂತಿತು. ಅತ್ತೆ ಕಾಫಿ ಕೊಟ್ಟು ಹೊಗಳಿದರು. ಮೆಕ್ಯಾನಿಕ್ಕಿಗೆ ಕೊಡಬೇಕಾಗಿದ್ದ ದುಡ್ಡು ಉಳಿಯಿತು ಅಂತ ಮಾವನೂ ಹೊಗಳಿದರು. ಆ 'ಆಮೇಲೆ' ಬರಲೇ ಇಲ್ಲ. ನಮ್ಮ ದೇಶದಲ್ಲಿ 'ಸದ್ಯಕ್ಕೆ' ಅಂತ ಹಾಕಿದ ವಸ್ತುವಿನಷ್ಟು ಗಟ್ಟಿಯಾಗಿ ತಳವೂರುವುದು ಇನ್ನಾವುದೂ ಇಲ್ಲ.

ಮುರಿದ ತುಂಡನ್ನು ಕಾಲೇಜಿಗೆ ತಂದು ನಮ್ಮ ಭೌತಶಾಸ್ತ್ರದ ಮೇಷ್ಟರಿಗೆ ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, ನನ್ನ ಕೈಗೆ ಕೊಟ್ಟು, "ಏನು ಕಾಣುತ್ತೆ ಹೇಳು" ಅಂದರು. ಮುರಿದ ಮುಖದ ಮುಕ್ಕಾಲು ಭಾಗ ನುಣುಪಾಗಿ, ಕಂದು ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಅಲೆ ಹಿಂದೆ ಸರಿದಾಗ ಮರಳಿನಲ್ಲಿ ಉಳಿಯುವಂಥ ಬಾಗಿದ ಗೆರೆಗಳು, ಒಂದರ ಹಿಂದೆ ಒಂದು. ಉಳಿದ ಕಾಲು ಭಾಗ ಮಾತ್ರ ಹರಳು ಹರಳಾಗಿ, ಬೂದು ಬಣ್ಣದ್ದಾಗಿ, ಹೊಸದಾಗಿತ್ತು. ಅಂದರೆ ಆ ಬೋಲ್ಟು ಮುಟ್ಟುಕಾಡಿನ ರಸ್ತೆಯಲ್ಲಿ ಮುರಿದದ್ದಲ್ಲ. ತಿಂಗಳುಗಟ್ಟಲೆಯಿಂದ ಮುರಿಯುತ್ತಲೇ ಇತ್ತು. ಪ್ರತಿ ಗುಂಡಿಗೆ, ಪ್ರತಿ ಬ್ರೇಕಿಗೆ ಕೂದಲೆಳೆಯಷ್ಟು ಸೀಳು ಮುಂದುವರಿದು, ಕೊನೆಗೆ ಉಳಿದ ಕಾಲು ಭಾಗಕ್ಕೆ ಭಾರ ತಡೆಯಲಾಗದೆ ಆ ದಿನ ಕೈಬಿಟ್ಟಿತು. ಇದಕ್ಕೆ ಲೋಹದ ದಣಿವು ಅಂತಾರೆ. 1842ರಲ್ಲಿ ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಬರುತ್ತಿದ್ದ ರೈಲಿನ ಇಂಜಿನ್ನಿನ ಅಚ್ಚು ಹೀಗೇ ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಜರ್ಮನಿಯ ವ್ಯೋಲರ್ ಎಂಬ ರೈಲ್ವೆ ಇಂಜಿನಿಯರು ವರ್ಷಗಟ್ಟಲೆ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ಮುರಿದು ನೋಡಿ, ಒಂದು ಸಲಕ್ಕೆ ತಡೆಯುವ ಭಾರ ಬೇರೆ, ಲಕ್ಷ ಸಲಕ್ಕೆ ತಡೆಯುವ ಭಾರ ಬೇರೆ ಅಂತ ತೋರಿಸಿಕೊಟ್ಟ. ಪರೀಕ್ಷೆಗೆ ಇದನ್ನು ನಾನು ಓದಿದ್ದೆ. ಅಂಕವೂ ಬಂದಿತ್ತು. ಕಾರಿನ ಕೆಳಗೆ ಮಲಗಿದಾಗ ಮಾತ್ರ ಒಂದಕ್ಷರವೂ ನೆನಪಾಗಲಿಲ್ಲ.

ಇನ್ನು ನನ್ನ ತಪ್ಪುಗಳ ಲೆಕ್ಕ. ಹಳೇ ಇಂಗ್ಲಿಷ್ ಕಾರುಗಳದೆಲ್ಲ ಇಂಚಿನ ಅಳತೆ. ಮೂರೆಂಟಾಂಶ ಇಂಚಿನ ತೂತು ಅಂದರೆ ಒಂಬತ್ತೂವರೆ ಮಿಲಿಮೀಟರು ಅಂತ ಇಟ್ಟುಕೊಳ್ಳಿ. ಅದಕ್ಕೆ ಹತ್ತರ ಬೋಲ್ಟು ಹೋಗುವುದಿಲ್ಲ. ಎಂಟರದು ಹೋಗುತ್ತದೆ, ಒಳಗೆ ಲೊಡಲೊಡ ಆಡುತ್ತದೆ. ನಾನು ಹಾಕಿದ್ದು ಇಂಥದ್ದೇ ಸಡಿಲದ್ದು. ಬೆರಳಿಗೆ ಸಲೀಸಾಗಿ ಬಂದದ್ದು ಅದಕ್ಕೇ. ಅದೂ ತಲೆಯಿಂದ ತುದಿಯವರೆಗೆ ತಿರುಪು ಇರುವ ಬೋಲ್ಟು. ಸರಿಯಾದ್ದರಲ್ಲಿ ಬುಶ್ಶಿನೊಳಗೆ ಕೂರುವ ಭಾಗ ನುಣ್ಣಗಿರಬೇಕು, ತಿರುಪು ನಟ್ಟಿನ ಹತ್ತಿರ ಮಾತ್ರ. ಸೀಳು ಹುಟ್ಟುವುದು ತಿರುಪಿನ ಕಾಲುವೆಯ ತಳದಲ್ಲೇ.

ಎಲ್ಲಕ್ಕಿಂತ ದೊಡ್ಡ ತಪ್ಪು ಬೋಲ್ಟನ್ನು ನಾನು ಮೊಳೆ ಅಂದುಕೊಂಡದ್ದು. ಇದರಲ್ಲಿ ನಮ್ಮ ನಿಘಂಟಿನವರ ಪಾಲೂ ಸ್ವಲ್ಪ ಇದೆ ಅನ್ನಬೇಕು. ಸ್ಕ್ರೂ ಅಂದರೆ 'ತಿರುಪುಮೊಳೆ' ಅಂತ ಬರೆದಿಟ್ಟಿದ್ದಾರೆ, ಬೋಲ್ಟೂ ಅದೇ ಜಾತಿ ಅಂತ ತಲೆಯಲ್ಲಿ ಕೂತುಬಿಡುತ್ತದೆ. ಮೊಳೆ ಅಡ್ಡ ನಿಂತು ತಡೆಯುವ ವಸ್ತು. ಇಲ್ಲಿ ಬೋಲ್ಟಿನ ಕೆಲಸ ಅಡ್ಡ ನಿಲ್ಲುವುದಲ್ಲ, ಎರಡು ಕಡೆಯಿಂದ ಹಿಂಡಿ ಹಿಡಿಯುವುದು. ಬಿಗಿದಾಗ ಅದು ಸ್ಪ್ರಿಂಗಿನ ಹಾಗೆ ಒಂದಿಷ್ಟು ಉದ್ದವಾಗುತ್ತದೆ, ವಾಪಸು ಗಿಡ್ಡವಾಗಬೇಕೆಂದು ಎಳೆಯುತ್ತದೆ. ಆ ಎಳೆತದಿಂದ ಬ್ರಾಕೆಟ್ಟಿನ ಎರಡು ಕೆನ್ನೆಗಳು ಬುಶ್ಶಿನ ಕೊಳವೆಯನ್ನು ಅಮುಕಿ ಹಿಡಿಯುತ್ತವೆ. ಭಾರ ಹೊರುವುದು ಆ ಹಿಡಿತದ ಘರ್ಷಣೆ. ಹಿಡಿತ ಸಡಿಲವಾದರೆ ಪಾಪ, ಬೋಲ್ಟು ಮೊಳೆಯಾಗಿಬಿಡುತ್ತದೆ, ದಿನಾ ಬಾಗಿ ಬಾಗಿ ಸಾಯುತ್ತದೆ. "ಕೈಗೆ ಬಿಗಿ ಅನ್ನಿಸಿತು" ಎಂಬ ನನ್ನ ಅಳತೆಯಿಂದ ಆದದ್ದು ಇದು.

ಮಾವ ಈ ಸಲ ಗ್ಯಾರೇಜಿಗೇ ಕೊಡೋಣ ಅಂದರು. ಅತ್ತೆಯಂತೂ ಕಾರನ್ನೇ ಮಾರಿ ಎಂದರು. ಕೆಡಿಸಿದವನು ನಾನು, ಸರಿಮಾಡುವವನೂ ನಾನೇ ಆಗಬೇಕು ಅಂತ ಹಟ ಹಿಡಿದೆ. "ಸರಿ, ಆದರೆ ಮೊದಲು ಕಲಿತುಕೊಂಡು ಬಾ" ಅಂತ ಮಾವ ಷರತ್ತು ಹಾಕಿದರು. ಹಾಗಾಗಿ ಪುದುಪೇಟೆಗೆ ಹೋದೆ.

ಪುದುಪೇಟೆಯ ಗುಜರಿ ಸಾಲುಗಳನ್ನು ನೋಡದವರು ಚೆನ್ನೈ ಪೂರ್ತಿ ನೋಡಿದ ಹಾಗಲ್ಲ. ಅಲ್ಲಿ ಹೆರಾಲ್ಡ್ ಕಾಲದಿಂದ ಕೈ ಮಸಿ ಮಾಡಿಕೊಂಡ ಒಬ್ಬ ಹಿರಿಯರು ಸಿಕ್ಕಿದರು. ಮುರಿದ ತುಂಡು ತೋರಿಸಿದೆ. ತಿರುಗಿಸಿ ತಲೆ ನೋಡಿದರು. ತಲೆಯ ಮೇಲೆ ಏನೂ ಬರೆದಿರಲಿಲ್ಲ. "ಇದು ಗೇಟಿಗೆ ಹಾಕುವ ಬೋಲ್ಟು ತಂಬಿ," ಅಂದರು ತಮಿಳಿನಲ್ಲಿ, "ಗೇಟು ಬಿದ್ದರೆ ಎತ್ತಿ ನಿಲ್ಲಿಸಬಹುದು." ಬೈಗುಳ ಅಷ್ಟೇ. ಆಮೇಲೆ ಒಂದು ಡಬ್ಬಿ ಸುರಿದು ಪಾಠ ಶುರುಮಾಡಿದರು.

ಬೋಲ್ಟಿನ ತಲೆಯ ಮೇಲೆ ಅದರ ಜಾತಕ ಇರುತ್ತದೆ, ನಾವು ಓದುವುದಿಲ್ಲ. ಮಿಲಿಮೀಟರಿನದಾದರೆ 8.8 ಅಂತ ಇದ್ದೀತು. ಮೊದಲಿನ 8 ಅಂದರೆ ಚದರ ಮಿಲಿಮೀಟರಿಗೆ ಸುಮಾರು 80 ಕಿಲೊ ತೂಕ ಎಳೆದರೆ ಹರಿಯುತ್ತದೆ. ಚುಕ್ಕೆಯ ಆಚೆಗಿನ 8 ಅಂದರೆ ಅದರ ನೂರಕ್ಕೆ 80 ಪಾಲಿನವರೆಗೆ ಎಳೆದರೂ ಬಿಟ್ಟ ಮೇಲೆ ಮೊದಲಿನ ಉದ್ದಕ್ಕೆ ಮರಳುತ್ತದೆ. 4.6 ಅಂತಿದ್ದರೆ ಆ ಬಲ ಅರ್ಧಕ್ಕೆ ಇಳಿಯುತ್ತದೆ, ಮರಳುವ ಮಿತಿ ಇನ್ನೂ ಕೆಳಗೆ. ಇಂಚಿನದಾದರೆ ಅಂಕೆ ಬದಲು ಗೆರೆಗಳು. ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಇದ್ದರೆ ಗ್ರೇಡ್ 8. ಏನೂ ಇಲ್ಲದಿದ್ದರೆ ಯಾರ ಹೊಣೆಯೂ ಇಲ್ಲ. ಹಾಗಾದರೆ ಎಲ್ಲಕ್ಕಿಂತ ಗಟ್ಟಿಯಾದ್ದೇ ಕೊಡಿ ಅಂದೆ. ಅವರು ನಕ್ಕರು. ಪುಸ್ತಕದಲ್ಲಿ ಏನು ಹೇಳಿದೆಯೋ ಅದನ್ನೇ ಹಾಕಬೇಕಂತೆ, ಕಾರು ಮಾಡಿದವನಿಗಿಂತ ಬುದ್ಧಿವಂತರಾಗಲು ಹೋಗಬಾರದಂತೆ. ಕೊನೆಗೆ ಕೊಟ್ಟ ಬೋಲ್ಟುಗಳ ಬೆಲೆ ಎರಡೂ ಸೇರಿ ನಮ್ಮ ಕ್ಯಾಂಟೀನಿನ ಒಂದು ಊಟಕ್ಕಿಂತ ಕಡಿಮೆ. ಪಾಠಕ್ಕೆ ದುಡ್ಡು ತಗೊಳ್ಳಲಿಲ್ಲ. ಮೆಕ್ಯಾನಿಕ್ಕುಗಳೆಲ್ಲ ಸುಲಿಗೆಕೋರರು ಅಂತ ಬರೆದ ಗೆಳೆಯರು ಈ ಜಾಗವನ್ನು ಎರಡು ಸಲ ಓದಲಿ.

ಕೆಲಸಕ್ಕೆ ಎರಡು ಭಾನುವಾರ ಹಿಡಿಯಿತು. ಮೊದಲ ಸಲ ಜಾಕಿ ಒಂದರ ಮೇಲೆಯೇ ಗಾಡಿ ನಿಲ್ಲಿಸಿ ಕೆಳಗೆ ನುಗ್ಗಿದ್ದೆ. ಈಗ ನೆನೆಸಿಕೊಂಡರೆ ಬೆನ್ನು ತಣ್ಣಗಾಗುತ್ತದೆ. ಜಾಕಿ ಎತ್ತುವುದಕ್ಕೆ, ಹೊರುವುದಕ್ಕಲ್ಲ. ಇಟ್ಟಿಗೆಯೂ ಬೇಡ, ಸಿಮೆಂಟಿನ ಟೊಳ್ಳು ಕಲ್ಲಂತೂ ಬೇಡವೇ ಬೇಡ, ಪುಡಿಯಾಗುವಾಗ ಹೇಳಿ ಕೇಳಿ ಆಗುವುದಿಲ್ಲ. ಉಕ್ಕಿನ ಸ್ಟ್ಯಾಂಡು ಎರಡು ತರಿಸಿದೆವು, ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟೆವು.

ಮುಂದಿನ ಕೊನೆ ಆಗಲೇ ಬಿಟ್ಟಿತ್ತು. ತೋಳನ್ನು ಈಚೆ ತೆಗೆಯಲು ಚಕ್ರದ ಕಡೆಯ ಬೋಲ್ಟನ್ನು ಬಿಚ್ಚಬೇಕು. ಅದು ಕಾರಿನ ಜೊತೆಗೇ ಹುಟ್ಟಿದ ಹಾಗಿತ್ತು. ನಟ್ಟು ಬಂತು, ಬೋಲ್ಟು ಬರಲೊಲ್ಲದು. ತುಕ್ಕು ಹಿಡಿದು ಬುಶ್ಶಿನ ಕೊಳವೆಯೂ ಬೋಲ್ಟೂ ಒಂದೇ ಆಗಿದ್ದವು. ಸ್ಪ್ಯಾನರು ಹಾಕಿ ತಿರುಗಿಸಿದರೆ ಸುತ್ತಲಿನ ರಬ್ಬರೂ ಜೊತೆಗೇ ತಿರುಚಿಕೊಳ್ಳುತ್ತದೆ. ಕೈಬಿಟ್ಟರೆ ಮೊದಲಿದ್ದಲ್ಲಿಗೇ ವಾಪಸು. ಒಂದು ಗಂಟೆ ಹೀಗೆ ನಮಸ್ಕಾರ ಪ್ರತಿನಮಸ್ಕಾರ ನಡೆಯಿತು. ತುಕ್ಕಿನ ಎಣ್ಣೆ ಬಿಟ್ಟು ಎರಡು ರಾತ್ರಿ ಕಾದೆವು, ಜಗ್ಗಲಿಲ್ಲ. ಬೆಂಕಿ ಕೊಟ್ಟರೆ ಬಿಡುತ್ತದೆ ಅಂತ ಪಕ್ಕದ ಮನೆಯವರು ಸಲಹೆ ಕೊಟ್ಟರು. ಈ ಕಾರಿನ ಪೆಟ್ರೋಲ್ ಟ್ಯಾಂಕು ಇರುವುದು ಸೀಟಿನ ಹಿಂದೆ, ಸರಿಯಾಗಿ ಆ ಜಾಗದ ಮೇಲೆ! ಸಲಹೆಗೆ ವಂದನೆ ಹೇಳಿ ಕಳಿಸಿದೆವು. ಕೊನೆಗೆ ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿಕೊಂಡು, ಬುಶ್ಶಿಗೂ ಬ್ರಾಕೆಟ್ಟಿಗೂ ನಡುವಿನ ಸಂದಿಯಲ್ಲಿ ತೂರಿಸಿ, ಬೋಲ್ಟನ್ನು ಎರಡು ಕಡೆ ಕೊಯ್ದು ತೆಗೆದೆ. ಮೂರೂವರೆ ಗಂಟೆ, ಆರು ಬ್ಲೇಡು. ಆ ಹಳೇ ಬೋಲ್ಟಿನ ತಲೆಯ ಮೇಲೆ ತುಕ್ಕು ಕೆರೆದು ನೋಡಿದರೆ ಗುರುತು ಸ್ಪಷ್ಟವಾಗಿತ್ತು. ಅರ್ಧ ಶತಮಾನ ದಾಟಿದ ಮೇಲೂ ಬಿಡದೆ ಹಿಡಿದಿದ್ದ ಅದು ಒಂದು ಕೈಯಲ್ಲಿ, ವರ್ಷ ದಾಟುವಷ್ಟರಲ್ಲಿ ಕೈಕೊಟ್ಟ ನನ್ನದು ಇನ್ನೊಂದು ಕೈಯಲ್ಲಿ. ನಾಚಿಕೆಯಾಯಿತು.

ಹೊಸ ಬುಶ್ಶುಗಳನ್ನು ಇಂಗ್ಲೆಂಡಿನಿಂದ ತರಿಸಿದ್ದೆವು. ಸಾಬೂನು ನೀರು ಹಚ್ಚಿ ವೈಸಿನಲ್ಲಿ ಒತ್ತಿ ಕೂರಿಸಿದೆ. ಬ್ರಾಕೆಟ್ಟಿನ ಹಿಂದೆ ಚಕ್ರದ ದಿಕ್ಕು ಹೊಂದಿಸುವ ತೆಳು ತಗಡುಗಳಿರುತ್ತವೆ, ಅವನ್ನು ಮುಟ್ಟಲಿಲ್ಲ. ನೈಲಾನ್ ಬಳೆಯ ನಟ್ಟುಗಳನ್ನು ಹೊಸದಾಗಿಯೇ ಹಾಕಿದೆ. ಒಮ್ಮೆ ಬಿಚ್ಚಿದ್ದನ್ನು ನಂಬಬಾರದು. ಇನ್ನೇನು ಬಿಗಿಯಬೇಕು ಅನ್ನುವಾಗ ಪುದುಪೇಟೆಯ ಹಿರಿಯರ ಮಾತು ನೆನಪಾಯಿತು. ಚಕ್ರ ಗಾಳಿಯಲ್ಲಿ ಜೋತಾಡುವಾಗ ಬಿಗಿಯಬೇಡ. ಹಾಗೆ ಬಿಗಿದರೆ ಬುಶ್ಶು ಆ ಭಂಗಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದ ಕೂಡಲೇ ರಬ್ಬರು ತಿರುಚಿಕೊಂಡು, ನಿಂತಲ್ಲೇ ಸವೆಯಲು ಶುರುವಾಗುತ್ತದೆ. ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೇ ಕೊನೆಯ ಬಿಗಿತ. ಆ ಬಿಗಿತಕ್ಕೂ ಕೈಯ ಅಂದಾಜಲ್ಲ, ಟಾರ್ಕ್ ರೆಂಚು, ಪುಸ್ತಕದ ಅಂಕೆ. ರೆಂಚನ್ನು ಮೆಕ್ಯಾನಿಕಲ್ ಓದುವ ಗೆಳೆಯನಿಂದ ಎರವಲು ತಂದೆ. ಚಕ್ರಗಳ ದಿಕ್ಕು ಸರಿಯಿದೆಯೇ ಅಂತ ಆಮೇಲೆ ವರ್ಕ್‌ಶಾಪಿನಲ್ಲಿ ಅಳೆಸಿದೆವು. ದಾರ ಕಟ್ಟಿ ನಾನೇ ಅಳೆಯಬಹುದಿತ್ತು, ಆದರೆ ಆ ಕೆಲಸ ನನಗೆ ಇನ್ನೂ ಬರುವುದಿಲ್ಲ.

ಈಗ ನನ್ನ ಅಭಿಪ್ರಾಯ. ಕೈಕೆಲಸ ಮನೆಯಲ್ಲಿ ಮಾಡಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಮಸಿ ಅಂಟುವ ಕೆಲಸ ನಮ್ಮಂಥವರದಲ್ಲ ಎಂಬ ಭಾವನೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಎಂಜಿನಿಯರಿಂಗ್ ಓದಲಿಕ್ಕೆ ಲಕ್ಷಗಟ್ಟಲೆ ಸುರಿಯುತ್ತೇವೆ, ಸ್ಪ್ಯಾನರು ಹಿಡಿಯಲಿಕ್ಕೆ ಮಾತ್ರ ಶಾಲೆ ಬಿಟ್ಟ ಹುಡುಗ ಬೇಕು. ಅವನ ಹೆಸರು ಕೂಡ ಕೇಳುವುದಿಲ್ಲ. ಇದು ಹೋಗಬೇಕಾದರೆ ನಾವು ಕಾರಿನ ಕೆಳಗೆ ಮಲಗಲೇಬೇಕು.

ಆದರೆ ಮನೆಯಲ್ಲಿ ಮಾಡುವುದು ಅಂದರೆ ಅಂದಾಜಿನಲ್ಲಿ ಮಾಡುವುದು ಅಂತ ಯಾರು ಹೇಳಿದರು? ಹೇಗೋ ಹೊಂದಿಸಿಬಿಡುವುದಕ್ಕೆ ಜುಗಾಡ್ ಅಂತ ಹೆಸರು ಕೊಟ್ಟು, ಅದೇ ಭಾರತೀಯರ ಪ್ರತಿಭೆ ಅಂತ ಮ್ಯಾನೇಜ್‌ಮೆಂಟ್‌ನವರು ಮೆರೆಸುತ್ತಾರೆ. ಫ್ಯಾನಿನ ರೆಗ್ಯುಲೇಟರಿಗೆ, ನಲ್ಲಿಗೆ, ಗೇಟಿಗೆ ಜುಗಾಡ್ ಮಾಡಿ, ನನ್ನದೇನೂ ತಕರಾರಿಲ್ಲ. ಕೆಟ್ಟರೆ ನಿಮಗೇ ತೊಂದರೆ. ಬ್ರೇಕು, ಸ್ಟೀರಿಂಗು, ಚಕ್ರ ಹಿಡಿಯುವ ಬೋಲ್ಟು, ಇವು ಕೆಟ್ಟರೆ ತೊಂದರೆ ಸ್ಕೂಟರಿನ ಮೇಲೆ ಬಲೂನು ಹಿಡಿದು ಕೂತ ಮಗುವಿಗೆ. ಆ ಮಗುವಿನ ಅಪ್ಪ ಅಮ್ಮ ನನ್ನ ಕೈಕೆಲಸಕ್ಕೆ ಒಪ್ಪಿಗೆ ಕೊಟ್ಟವರಲ್ಲ. ನನ್ನ ಸ್ವಾವಲಂಬನೆಯ ಖರ್ಚನ್ನು ಅವರು ಯಾಕೆ ಕೊಡಬೇಕು? ಹಾಗಂತ ಇಂಥ ಕೆಲಸವನ್ನು ಮುಟ್ಟಲೇಬೇಡಿ ಅಂತಲ್ಲ. ನಾನೇ ಮುಟ್ಟಿದ್ದೇನಲ್ಲ. ಮುಟ್ಟುವ ಮೊದಲು ಬಲ್ಲವರ ಮುಂದೆ ಹೋಗಿ "ನನಗೆ ಗೊತ್ತಿಲ್ಲ" ಅನ್ನಬೇಕು. ಮೊದಲ ಸಲ ಆ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಭೌತಶಾಸ್ತ್ರ ಓದುವವನು ಪುದುಪೇಟೆಯಲ್ಲಿ ಹೋಗಿ ಏನು ಕೇಳುವುದು ಎಂಬ ಜಂಬ.

ಸಾಹಿತ್ಯ ಸಂಘದ ಪತ್ರಿಕೆಗೆ ನಟ್ಟು ಬೋಲ್ಟು ಯಾಕೆ ಅಂತ ಕೆಲವರು ಮೂಗು ಮುರಿಯಬಹುದು. ಈ ಲೇಖನ ಬರೆಯುವಾಗ ಅರ್ಧ ಶಬ್ದಗಳಿಗೆ ನಾನು ತಡಕಾಡಿದ್ದೇನೆ. ಬೋಲ್ಟಿನ ತಿರುಪಿಗೆ ಪುದುಪೇಟೆಯಲ್ಲಿ 'ಮರೈ' ಅನ್ನುತ್ತಾರೆ, ಅಂಗಡಿಯ ಹುಡುಗನಿಗೂ ಗೊತ್ತು. ನಾವು ಕವಿತೆಗೆ ಬೇಕಾದ ಕನ್ನಡವನ್ನು ಈ ಊರಿಗೆ ಹೊತ್ತು ತಂದೆವು, ಕಾರಿನ ಕೆಳಗೆ ಬೇಕಾದದ್ದನ್ನು ತರಲಿಲ್ಲ. ಶಿವಮೊಗ್ಗದ, ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಏನನ್ನುತ್ತಾರೆ ಅಂತ ರಜೆಗೆ ಊರಿಗೆ ಹೋದವರು ಯಾರಾದರೂ ಕೇಳಿಕೊಂಡು ಬಂದರೆ ಮುಂದಿನ ಸಂಚಿಕೆಯಲ್ಲಿ ಹಾಕಬಹುದು.

ಕಾರು ಈಗ ಓಡುತ್ತಿದೆ. ನಟ್ಟಿನ ಮೇಲೆ ಬಿಳಿ ಪೈಂಟಿನಲ್ಲಿ ಒಂದು ಗೆರೆ ಎಳೆದಿದ್ದೇನೆ, ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ನೂರು ಕಿಲೊಮೀಟರ್ ಆದ ಮೇಲೆ ನೋಡಿದೆ, ಗೆರೆ ನೆಟ್ಟಗಿತ್ತು. ತಂಗಿ ಮಾತ್ರ ಹತ್ತುವ ಮೊದಲು ತಾನೇ ಬಗ್ಗಿ ನೋಡುತ್ತಾಳೆ. ಮುರಿದ ತುಂಡು ಸಂಘದ ಕೋಣೆಯ ಮೇಜಿನ ಮೇಲೆ, ಪುಸ್ತಕಗಳು ಹಾರದ ಹಾಗೆ ಇಟ್ಟಿದ್ದೇನೆ. ಗೆರೆಗಳನ್ನು ನೋಡಬೇಕೆನ್ನುವವರು ಬುಧವಾರ ಸಂಜೆ ಬನ್ನಿ, ಭೂತಗನ್ನಡಿ ನಾನು ತರುತ್ತೇನೆ.